ಹದಿಮೂರನೇ ದಿನದ ಹುಳಿ

ದೆವ್ವ ಪಿಶಾಚಿ, ಸತ್ತವರು ಬಂದು ಮಾತಾಡಿಸಿದ್ದು, ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ಅಡುಗೆಯವನು ಬೆಂಕಿ, ನೀರು, ಅಳತೆ ಇಷ್ಟನ್ನು ನಂಬಿದರೆ ಸಾಕು ಅಂದುಕೊಂಡವನು. ಈಗಲೂ ಹೆಚ್ಚುಕಡಿಮೆ ಹಾಗೆಯೇ ಇದ್ದೇನೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ನಡೆದದ್ದು ಮಾತ್ರ ನನ್ನ ಬುದ್ಧಿಗೆ ನಿಲುಕುತ್ತಿಲ್ಲ. ನೀವು ನಂಬಲೇಬೇಕೆಂಬ ಹಠವಿಲ್ಲ, ಕೇಳಿಸಿಕೊಂಡರೆ ಸಾಕು.

ಗೋಪಣ್ಣನವರು ನನ್ನ ಗುರುಗಳು. ಅಗ್ರಹಾರದ ಸುತ್ತಮುತ್ತ ಮದುವೆ, ಮುಂಜಿ, ಗೃಹಪ್ರವೇಶ ಏನಿದ್ದರೂ ಅವರದೇ ಅಡುಗೆ. ಓದು ತಲೆಗೆ ಹತ್ತದ, ಅಪ್ಪನಿಲ್ಲದ ನನ್ನಂಥ ಎಷ್ಟೋ ಜನರಿಗೆ ಸೌಟು ಹಿಡಿಯುವುದನ್ನು ಕಲಿಸಿ ಮನುಷ್ಯರನ್ನಾಗಿ ಮಾಡಿದರು. ಅಡುಗೆಯವನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ನಮಗೆಲ್ಲ ತಂದೆಯ ಜಾಗದಲ್ಲಿ ನಿಂತು ಹೆಣ್ಣು ಕೇಳಲು ಅವರೇ ಹೋಗುತ್ತಿದ್ದರು. ನಮ್ಮ ಮಾವನವರ ಮನೆಯಲ್ಲಿ, ಇವನಿಗೆ ಬಾಯಿ ಸ್ವಲ್ಪ ಜಾಸ್ತಿ, ಮಿಕ್ಕಂತೆ ಚಿನ್ನ ಎಂದು ಹೇಳಿ ಒಪ್ಪಿಸಿ ಬಂದಿದ್ದರು. ಊರಿಗೆಲ್ಲ ಬಡಿಸಿ ಮನೆಗೆ ಬಂದ ಮೇಲೆ, ಹೆಂಡತಿ ಕಮಲಮ್ಮ ಹಾಕಿದ್ದನ್ನು ತೃಪ್ತಿಯಿಂದ ಉಣ್ಣುತ್ತಿದ್ದರು. ಆಕೆಯ ಅಡುಗೆಗೆ ಒಂದು ದಿನವೂ ಹೆಸರಿಟ್ಟವರಲ್ಲ. ಹಬ್ಬದ ದಿನ ಮಾತ್ರ ಮನೆಯ ಹುಳಿಗೂ ಅವರೇ ಉಪ್ಪು ಹಾಕುತ್ತಿದ್ದರು. ಅಂಥವರು ಹೋದಾಗ ನನಗೆ ಎರಡನೇ ಸಲ ಅಪ್ಪ ಹೋದ ಹಾಗಾಯಿತು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯವನು ಯಾವುದರ ರುಚಿಯನ್ನೂ ನೋಡುವಂತಿಲ್ಲ. ಹಾಗಾಗಿ ಉಪ್ಪಿನದೇ ಭಯ. ಗಡಿಬಿಡಿಯಲ್ಲಿ ಇಬ್ಬರು ಹಾಕಿದರೂ ಕೆಟ್ಟಿತು, ಯಾರೂ ಹಾಕದಿದ್ದರೂ ಕೆಟ್ಟಿತು. ಅದಕ್ಕೆ ಗೋಪಣ್ಣ ಒಂದು ಪದ್ಧತಿ ಮಾಡಿದ್ದರು. ಉಪ್ಪು ಹಾಕಿದವನು "ಹುಳಿಗೆ ಉಪ್ಪಾಯ್ತು" ಎಂದು ಗಟ್ಟಿಯಾಗಿ ಹೇಳಬೇಕು, ಉಳಿದವರು "ಆಯ್ತು" ಎನ್ನಬೇಕು. ಆಮೇಲೆ ಆ ಪಾತ್ರೆಯ ಹತ್ತಿರ ಯಾರೂ ಉಪ್ಪು ತರಕೂಡದು.

ಅವರು ಹೋದ ಹದಿಮೂರನೇ ದಿನ, ವೈಕುಂಠ ಸಮಾರಾಧನೆಯ ಅಡುಗೆಯನ್ನು ಶಿಷ್ಯರಾದ ನಾವೇ ಅವರ ಮನೆಯ ಹಿತ್ತಲಲ್ಲಿ ಮಾಡಿದೆವು. ಹುಳಿ ನನ್ನದು. ಕಮಲಮ್ಮ ಅಷ್ಟು ದಿನವೂ ಒಂದೆರಡು ತುತ್ತು ಮಜ್ಜಿಗೆ ಅನ್ನ ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ, ಸೊರಗಿ ಕಡ್ಡಿಯಾಗಿದ್ದರು. ಬೆಳಗ್ಗೆಯೇ ಅವರ ಮಗಳು ಹಿತ್ತಲಿಗೆ ಬಂದು, ಇವತ್ತಾದರೂ ಅಮ್ಮ ಹೊಟ್ಟೆತುಂಬ ಊಟ ಮಾಡುವ ಹಾಗೆ ಮಾಡಿ ಅಣ್ಣ ಎಂದು ಕಣ್ಣೀರು ಹಾಕಿದ್ದಳು. ಮಾಡಿಸ್ತೀನಿ, ನೀನು ಹೋಗಮ್ಮ ಎಂದು ನಾನು ಮಾತು ಕೊಟ್ಟಿದ್ದೆ.

ಹುಳಿ ಕುದಿಯುತ್ತಿತ್ತು. ಉಪ್ಪಿನ ಬಟ್ಟಲು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಕೇಳಿಸಿತು.

"ಹುಳಿಗೆ ಉಪ್ಪಾಯ್ತು."

ರೂಢಿಯಲ್ಲವೇ, ನಾವೆಲ್ಲ ಒಟ್ಟಿಗೆ "ಆಯ್ತು" ಅಂದುಬಿಟ್ಟೆವು. ನನ್ನ ಕೈ ತಾನಾಗಿಯೇ ಬಟ್ಟಲನ್ನು ಕೆಳಗಿಟ್ಟಿತು. ಮರುಕ್ಷಣ ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ. ಪಕ್ಕದ ಒಲೆಯಲ್ಲಿ ಪಾಯಸ ತಿರುವುತ್ತಿದ್ದ ಇನ್ನೊಬ್ಬ ಶಿಷ್ಯ ರಘುವನ್ನು, ನೀನೇನೋ ಹಾಕಿದ್ದು ಎಂದು ಕೇಳಿದೆ.

"ನಿನ್ನ ಹುಳಿಗೆ ನಾನ್ಯಾಕೋ ಹಾಕ್ಲಿ? ನೀನೇ ಹಾಕ್ದೆ ಅಂದ್ಕೊಂಡೆ ಕಣೋ," ಅಂದ. ಅವನ ಮುಖವೂ ಬಿಳಿಚಿಕೊಂಡಿತ್ತು. ಧ್ವನಿ ಯಾರದೆಂದು ಇಬ್ಬರಿಗೂ ಗೊತ್ತಾಗಿತ್ತು. ನಾನು ಅಳೆದಿಟ್ಟ ಉಪ್ಪು ಬಟ್ಟಲಲ್ಲಿ ಒಂದು ಹರಳೂ ಕಡಿಮೆಯಾಗದೆ ಹಾಗೇ ಇತ್ತು.

ಒಳಗಿನಿಂದ ಪುರೋಹಿತರು ನೈವೇದ್ಯಕ್ಕೆ ಅವಸರ ಮಾಡುತ್ತಿದ್ದರು. ರುಚಿ ನೋಡೋಣವೆಂದರೆ ಗುರುಗಳ ದಿನವೇ ಅವರ ಪದ್ಧತಿ ಮುರಿದಂತೆ. ಹಾಕಿಬಿಡು, ಯಾಕೆ ಬೇಕು ಫಜೀತಿ ಎಂದು ರಘು ಸನ್ನೆ ಮಾಡಿದ. ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ, ಬೇಡ ಅಂದೆ. ಆ ಮಾತು ಕೇಳಿದ ಮೇಲೆ ಉಪ್ಪು ಹಾಕುವುದುಂಟೇ? ಹುಳಿಯನ್ನು ಹಾಗೆಯೇ ಇಳಿಸಿದೆ.

ಮೊದಲ ಪಂಕ್ತಿಗೆ ಬಡಿಸುವಾಗ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಎಲೆಯ ತುದಿಯ ಉಪ್ಪಿಗೆ ಯಾರೂ ಕೈ ಹಾಕಲಿಲ್ಲ. ಒಬ್ಬ ಹಿರಿಯರು ಹುಳಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಅಡುಗೆಮನೆಗೆ ಓಡಿ ಬಂದು ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಹದವಾಗಿತ್ತು. ಇದ್ದವರನ್ನೆಲ್ಲ ಆಣೆ ಹಾಕಿ ಕೇಳಿದೆ, ಹಾಕಿದೆನೆಂದು ಒಬ್ಬರೂ ಒಪ್ಪಲಿಲ್ಲ. ಇವತ್ತಿನವರೆಗೂ ಒಪ್ಪಿಲ್ಲ.

ಕಡೆಯ ಪಂಕ್ತಿ ಮನೆಯವರದು. ಕಮಲಮ್ಮನವರ ಎಲೆಗೆ ನಾನೇ ಅನ್ನ ಹಾಕಿ, ಹುಳಿ ಬಡಿಸಿ ಅಲ್ಲೇ ನಿಂತೆ. ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ತಲೆಯೆತ್ತಿ ನನ್ನನ್ನೇ ನೋಡಿದರು.

"ಉಪ್ಪು ಹಾಕಿದ್ದು ಯಾರೋ?"

"ನಾವ್ಯಾರೂ ಅಲ್ಲ ಅಮ್ಮ, ಆದರೆ..." ಎಂದು ಶುರು ಮಾಡಿದೆ. ಕಮಲಮ್ಮನವರ ಕಣ್ಣು ತುಂಬಿತು.

"ಬೇಡ ಬಿಡು," ಅಂದರು. "ಇನ್ನೊಂದು ಸೌಟು ಅನ್ನ ಹಾಕು."