ಕೂರದ ಐದು ನಿಮಿಷ

ಬಿ.ಪಿ. ನೋಡುವ ಆ ನೀಲಿ ಪಟ್ಟಿ ಕಂಡರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಪಟ್ಟಿಯ ತಪ್ಪೇನಿಲ್ಲ, ಹೇಸಿಗೆ ನನ್ನ ಮೇಲೆಯೇ.

ಮರಾಠಿ ಸೀಮೆಯ ವಾಕಡದಲ್ಲಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಕೂಲಿಗಳ ರಕ್ತದೊತ್ತಡದ ಬಗ್ಗೆ ಅಧ್ಯಯನ ನಡೆದಿತ್ತು. ಹೆಚ್ಚಿನವರು ಯಾದಗಿರಿ ಕಡೆಯವರು. ಕನ್ನಡ ಬರುತ್ತದೆಂದೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ನಿಯಮಗಳನ್ನು ಸಮಿತಿಯೊಂದು ಒಪ್ಪಿ ಮೊಹರು ಹಾಕಿತ್ತು. ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಆಮೇಲೆ ಮೂರು ಸಲ ಅಳೆಯಬೇಕು, ಮೇಲಿನ ಅಂಕಿ ನೂರಾ ಎಂಬತ್ತು ದಾಟಿದರೆ ಅಂದೇ ಆಸ್ಪತ್ರೆಗೆ ಕಳಿಸಬೇಕು. ಇಷ್ಟೇ.

ಆದರೆ ಕೂಲಿಗಳ ಮೇಸ್ತ್ರಿ, ಮುಕಾದಮ, ಅವರನ್ನು ಐದು ನಿಮಿಷ ಕೂರಲು ಬಿಡುತ್ತಿರಲಿಲ್ಲ. ಇಟ್ಟಿಗೆ ಇಳಿಸಿ ಏದುಸಿರು ಬಿಡುತ್ತ ಬಂದವರ ತೋಳಿಗೇ ಪಟ್ಟಿ ಸುತ್ತುತ್ತಿದ್ದೆವು. ಅಂಕಿ ಏರಿಯೇ ಇರುತ್ತಿತ್ತು. ಬೆಳಗಾವಿ ಕಡೆಯ ನಮ್ಮ ಮೇಲ್ವಿಚಾರಕರು, ದೊಡ್ಡ ಓದು ಓದಿದವರು, ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು.

"ಹೊರಿ ಹೊತ್ತು ಬಂದಾರ, ಹೆಚ್ಚಿಗಿ ಬರೂದೇ. ಇಪ್ಪತ್ತು ಕಳದು ಬರೀರಿ."

ಒಂದೇ ಸಲ ಅಳೆದು, ಉಳಿದೆರಡು ಸಲದ ಅಂಕಿಗಳನ್ನು ಚಹಾ ಕುಡಿಯುತ್ತ ಮನಸ್ಸಿಗೆ ಬಂದಂತೆ ತುಂಬುತ್ತಿದ್ದೆವು. ಥೂ, ಆಗ ನನಗೆ ಚಹಾ ರುಚಿಸುತ್ತಲೂ ಇತ್ತು.

ಒಂದು ದಿನ ಸಿಮೆಂಟು ಮೆತ್ತಿದ ಕೈಯ ಹೆಂಗಸೊಬ್ಬಳು ಬಂದಳು. "ಅಕ್ಕಾರ, ತಲಿ ಭಾಳ ನೋಯ್ತದ್ರಿ. ನಂದು ಹ್ಯಾಂಗ ಅದ?" ಎಂದಳು. ಯಂತ್ರ ನೂರಾ ತೊಂಬತ್ತಾರು ತೋರಿಸಿತು. ನಾನು ನೂರಾ ಎಪ್ಪತ್ತಾರು ಎಂದು ಬರೆದೆ.

"ಛಲೋ ಅದವ್ವಾ. ನೀರು ಕುಡಿ," ಎಂದೆ. ಅವಳು ಕೈ ಮುಗಿದು ಮತ್ತೆ ಬುಟ್ಟಿ ಹೊರಲು ಹೋದಳು.

ಮೂರು ತಿಂಗಳಿಗೆ ಎರಡನೆಯ ತಪಾಸಣೆ. ಗಂಡ ಅವಳನ್ನು ಹಿಡಿದುಕೊಂಡು ಬಂದ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. "ಲಕ್ವಾ ಹೊಡದದ್ರಿ," ಎಂದ. ನಾನು ಒಳಗೆ ಓಡಿ ಮೇಲ್ವಿಚಾರಕರಿಗೆ ಹೇಳಿದೆ. ಅವರು ಹಳೆಯ ಹಾಳೆ ತೆಗೆದು, ಸಮಾಧಾನದಿಂದ ಬೆರಳಿಟ್ಟು ತೋರಿಸಿದರು.

"ನಮ್ಮ ಕಾಗದದಾಗ ನೂರಾ ಎಪ್ಪತ್ತಾರು ಅದಲ್ರೀ. ದವಾಖಾನಿಗೆ ಕಳಸೂ ಹಂಗ ಇದ್ದಿದ್ದಿಲ್ಲ."

ಆ ಮನುಷ್ಯನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಹಾಳೆಯ ಮೇಲಿದ್ದದ್ದು ನನ್ನ ಅಕ್ಷರ.

ಹೊರಗೆ ಬಂದಾಗ ಅವಳು ಕುರ್ಚಿಯಲ್ಲೇ ಇದ್ದಳು. ಅರ್ಧ ತಾಸಾಗಿತ್ತು, ಈಗ ಅವಳನ್ನು ಕೆಲಸಕ್ಕೆಂದು ಮುಕಾದಮ ಕರೆದಿರಲಿಲ್ಲ. ತಪಾಸಣೆಯ ಹಾಳೆಗೆ ಹೆಬ್ಬೆಟ್ಟು ಒತ್ತಬೇಕೆಂದು ತಾನೇ ನೆನಪಿಟ್ಟುಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿ ಮಸಿಯ ಮೇಲಿಟ್ಟಳು. ಆಮೇಲೆ ತೊದಲುತ್ತ ಕೇಳಿದಳು, "ಇವತ್ತ ಹ್ಯಾಂಗ ಅದ್ರಿ, ಅಕ್ಕಾರ?"