ಆರಿಸುವವಳು, ಕರಗಿಸುವವನು

ಕುಂಚಕ್ಕನಿಗೆ ಆ ಹೆಸರು ಬಂದದ್ದು ಅವಳ ಕೈಯಲ್ಲಿ ಸದಾ ಇರುತ್ತಿದ್ದ ಕುಂಚದಿಂದ. ನಾಲ್ಕೈದು ಕೂದಲಿನ, ಹುಬ್ಬು ತೀಡಲೂ ಸಾಲದಷ್ಟು ಸಣ್ಣ ಕುಂಚ ಅದು. ಅದರ ತುದಿಯನ್ನು ನೀರಿಗೆ ತಾಗಿಸಿ, ಮೈಕ್ರೋಸ್ಕೋಪಿನ ಕೆಳಗಿನ ಕಪ್ಪು ತಟ್ಟೆಯಲ್ಲಿ ಹರಡಿದ ಮರಳಿನಂಥ ಪುಡಿಯೊಳಗಿಂದ ಬೇಕಾದ ಒಂದೊಂದೇ ಕಣವನ್ನು ಎತ್ತಿ ಪಕ್ಕಕ್ಕಿಡುವುದು ಅವಳ ಉದ್ಯೋಗ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆಯೇ. ಆದರೆ ಇಲ್ಲಿ ಕಲ್ಲೂ ಕಾಣದು, ಅಕ್ಕಿಯೂ ಕಾಣದು.

ಆ ಕಣಗಳು ಸಮುದ್ರದ ತಳದಲ್ಲಿ ಬದುಕಿ ಸತ್ತ ಏಕಕೋಶ ಜೀವಿಗಳ, ಒಳಗೆ ಪುಟ್ಟ ಪುಟ್ಟ ಕೋಣೆಗಳಿರುವ ಚಿಪ್ಪುಗಳು. ಹಡಗಿನವರು ಉದ್ದನೆಯ ಕೊಳವೆಯನ್ನು ಕಡಲತಳಕ್ಕೆ ಚುಚ್ಚಿ ಕೆಸರು ತೆಗೆಯುತ್ತಾರೆ. ಕೊಳವೆಯಲ್ಲಿ ಕೆಳಗೆ ಹೋದಷ್ಟೂ ಕೆಸರು ಹಳೆಯದು. ಆ ಕೆಸರನ್ನು ಜರಡಿಯಲ್ಲಿ ತೊಳೆದರೆ ಉಳಿಯುವುದೇ ಈ ಪುಡಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಹಾಗೆ, ಯಾವ ನೀರಿನಲ್ಲಿ ಬೆಳೆಯಿತೋ ಆ ನೀರಿನ ಗುರುತು ಚಿಪ್ಪಿಗೆ ಹತ್ತಿಯೇ ಹತ್ತುತ್ತದೆ. ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹವೂ ಚೂರು ಹೆಚ್ಚಿರುತ್ತದೆ. ಚಿಪ್ಪಿನೊಳಗೆ ಅದು ಎಷ್ಟಿದೆ ಎಂದು ಅಳೆದರೆ, ಶೀತಯುಗದ ಸಮುದ್ರದಲ್ಲಿ ಜೀವಗಳ ಹೊಟ್ಟೆಗೆ ಎಷ್ಟಿತ್ತು ಎಂಬ ಸುಳಿವು ಸಿಗುತ್ತದೆ. ಹವಾಮಾನ ಹೇಗೆ ಹೊರಳಿತೆಂದು ತಿಳಿಯುವುದಕ್ಕೂ ಅದು ಬೇಕು.

ಕುಂಚಕ್ಕ ಗಡಿಯಾರ ರಿಪೇರಿಯವನ ಮಗಳು. ಅಪ್ಪನ ಅಂಗಡಿಯಲ್ಲಿ ಚಿಮಟದ ತುದಿಯಲ್ಲಿ ಸಣ್ಣ ತಿರುಪು ಹಿಡಿದು ಬೆಳೆದ ಕೈ ಅವಳದು. ಅಪ್ಪ ಹಾಸಿಗೆ ಹಿಡಿದ ಮೇಲೆ ಅಂಗಡಿ ಮುಚ್ಚಿತು; ಅಪ್ಪನನ್ನು ನೋಡಿಕೊಳ್ಳುತ್ತಾ ಮದುವೆಯ ಮಾತು ಹಿಂದೆ ಸರಿಯಿತು; ಅಪ್ಪ ಹೋಗುವಷ್ಟರಲ್ಲಿ ಆ ಮಾತೆತ್ತುವವರೇ ಉಳಿದಿರಲಿಲ್ಲ. ಅಣ್ಣ ಬಸ್ ಡ್ರೈವರು. ಅವನ ಮನೆಯ ಹಿಂದಿನ ಕೋಣೆ ಅವಳದಾಯಿತು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವಳ ಕೈಗೆ ಕುಂಚ ಕೊಟ್ಟು, ಒಂದು ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು ನೋಡಿ, "ನಾಳೆಯಿಂದ ಬನ್ನಿ" ಅಂದಿದ್ದರು. ಅದಾಗಿ ಹದಿನೈದು ವರ್ಷವೇ ದಾಟಿತ್ತು.

"ದಿನವಿಡೀ ಮಣ್ಣು ಕೆದಕಿ ಬರ್ತಾಳೆ, ನಮ್ಮನೆ ಕೋಳಿ," ಎಂದು ಅತ್ತಿಗೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಅದರಲ್ಲಿ ವಿಷವಿರಲಿಲ್ಲ. ಅತ್ತಿಗೆಯ ಬಾಯಿ ಜೋರು, ಕೈ ಮೆತ್ತಗೆ. ನಾದಿನಿ ಬರುವುದು ತಡವಾದರೆ ಬಾಗಿಲಿಗೂ ಒಲೆಗೂ ಮಧ್ಯೆ ಓಡಾಡುವವಳು ಅವಳೇ.

ಕುಂಚಕ್ಕನಿಗೆ ಜಗತ್ತಿನಲ್ಲಿ ಆಗದವನು ಒಬ್ಬನೇ ಇದ್ದ. ಕಾರಿಡಾರಿನ ಆ ತುದಿಯ ಗಾಜಿನ ಕೋಣೆಯಲ್ಲಿ ಅಳೆಯುವ ಯಂತ್ರ ನಡೆಸುತ್ತಿದ್ದವನು. ಹಿಂದಿನಿಂದ ಎಲ್ಲರೂ ಅವನನ್ನು 'ಆಸಿಡ್' ಅನ್ನುತ್ತಿದ್ದರು, ಎದುರಿಗೆ 'ಸರ್'. ಅವಳು ವಾರಗಟ್ಟಲೆ ಬೆನ್ನು ಬಗ್ಗಿಸಿ ಆರಿಸಿಟ್ಟ ಚಿಪ್ಪುಗಳನ್ನು ಅವನು ಒಂದು ಸಣ್ಣ ಕೊಳವೆಗೆ ಹಾಕಿ, ಮೇಲೆ ಆಮ್ಲ ಬಿಟ್ಟರೆ ಮುಗಿಯಿತು. ನಾಲ್ಕು ಗುಳ್ಳೆ ಎದ್ದು ಚಿಪ್ಪು ನೀರಾಗಿ ಹೋಗುತ್ತಿತ್ತು. ಕೆಲಸವೇ ಅದೆಂದು ಅವಳಿಗೆ ಗೊತ್ತಿತ್ತು. ಆದರೂ ಡಬ್ಬಿ ಕೊಡಲು ಹೋದಾಗಲೆಲ್ಲ ಮಕ್ಕಳನ್ನು ಕಟುಕನ ಕೈಗಿಟ್ಟ ಹಾಗೆ ಅನ್ನಿಸುತ್ತಿತ್ತು. ಅವನೋ ತಲೆಯೆತ್ತಿ ನೋಡದೆ, "ಅಲ್ಲಿಡಿ" ಅನ್ನುತ್ತಿದ್ದ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಊಟ ನಿಂತೇ ಮಾಡುತ್ತಾನೆ, ಯಾರ ಜೊತೆಯೂ ಸೇರುವುದಿಲ್ಲ ಎಂಬುದಷ್ಟೇ ಅವನ ಬಗ್ಗೆ ಜನಕ್ಕೆ ಗೊತ್ತಿದ್ದದ್ದು.

ಆ ವರ್ಷ ಬಂದ ಕೆಸರು ದೂರದ ಆಳ ಸಮುದ್ರದ್ದು. ಮೇಡಂ ಅದರ ಮೇಲೆ ಜೀವವನ್ನೇ ಇಟ್ಟಿದ್ದರು. ಕುಂಚಕ್ಕ ಚಳಿಗಾಲವಿಡೀ ಆರಿಸಿದಳು. ಮೊದಲ ಕಂತಿನ ಅಂಕಿ ಬಂದಾಗ ಮೇಡಂ ಮುಖ ಸಪ್ಪಗಾಯಿತು. ಕ್ಯಾಡ್ಮಿಯಂ ಒಂದು ಪದರದಲ್ಲಿ ಆಕಾಶಕ್ಕೆ ಹಾರಿತ್ತು, ಮುಂದಿನದರಲ್ಲಿ ಪಾತಾಳಕ್ಕಿಳಿದಿತ್ತು. ಯಾವ ಸಮುದ್ರವೂ ಹೀಗೆ ಕುಪ್ಪಳಿಸುವುದಿಲ್ಲ.

"ಎರಡು ಜಾತಿಯ ಚಿಪ್ಪು ಬೆರೆತಿದೆ. ಆರಿಸೋವಾಗ್ಲೇ ತಪ್ಪಾಗಿದೆ," ಅಂದ ಆಸಿಡ್.

ಕಾರಿಡಾರಿನಲ್ಲಿ ನಾಲ್ಕು ಜನರ ಎದುರು ಆ ಮಾತು ಬಿತ್ತು. ಕುಂಚಕ್ಕ ಸಾಮಾನ್ಯಕ್ಕೆ ದನಿ ಎತ್ತುವವಳಲ್ಲ. ಆ ದಿನ ಎತ್ತಿದಳು.

"ನನ್ನ ತಟ್ಟೆಲಿ ಜಾತಿ ಬೆರೆಯಲ್ಲ. ನಿಮ್ಮ ಯಂತ್ರ ಸರಿ ಇದ್ಯಾ ನೋಡ್ಕೊಳ್ಳಿ."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ."

"ಕುಣಿಯೋಳು ನಾನು. ನೆಲ ನಿಮ್ಮದು. ಡೊಂಕಿದ್ರೆ ಡೊಂಕೇ."

ಯಾರೋ ಕಿಸಕ್ಕೆಂದರು. ಮೇಡಂ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು. "ನೀವಿಬ್ರೂ ಎಣ್ಣೆ ಸೀಗೆಕಾಯಿ ಅಂತ ನಂಗೆ ಗೊತ್ತು," ಅಂದರು. "ಆದ್ರೆ ಈ ಕೆಸರು ಇನ್ನೊಂದ್ಸಲ ಸಿಗಲ್ಲ. ನಾಳೆಯಿಂದ ಇಬ್ರೂ ಒಂದೇ ಮೇಜಲ್ಲಿ ಕೂರಿ. ಎಲ್ಲಿ ತಪ್ಪಾಗ್ತಿದೆ ಅಂತ ಕಂಡುಹಿಡಿಯೋವರೆಗೂ ಏಳ್ಬೇಡಿ."

ಹಾಗೆ ಅವರು ಎದುರುಬದುರು ಕೂತರು. ಮೊದಲ ದಿನ ಮಾತೇ ಇಲ್ಲ. ಎರಡನೆಯ ದಿನ ಅವನು ಅವಳ ಉಳಿದ ಡಬ್ಬಿಗಳ ಚಿಪ್ಪನ್ನೆಲ್ಲ ಒಂದೊಂದಾಗಿ ನೋಡಿ, "ಜಾತಿ ಎಲ್ಲಾ ಒಂದೇ ಇದೆ," ಎಂದು ಒಪ್ಪಿಕೊಂಡ. ಸಂಜೆ ಅವಳ ಎದುರೇ ಯಂತ್ರವನ್ನು ಲೋಹದ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣದಿಂದ ಪರೀಕ್ಷಿಸಿದ, ಅದೂ ನೆಟ್ಟಗಿತ್ತು. ಅವಳೂ ಒಪ್ಪಬೇಕಾಯಿತು. ಇಬ್ಬರದೂ ತಪ್ಪಿಲ್ಲವೆಂದ ಮೇಲೆ ಜಗಳಕ್ಕೆ ಜಾಗವೇ ಉಳಿಯಲಿಲ್ಲ.

ಅವನು ಹಳೆಯ ಅಂಕಿಗಳನ್ನೆಲ್ಲ ಪರದೆಯ ಮೇಲೆ ತೆಗೆದು ಬಹಳ ಹೊತ್ತು ನೋಡಿದ. "ಇಲ್ನೋಡಿ. ಕ್ಯಾಡ್ಮಿಯಂ ಹಾರಿದ ಕಡೆಯೆಲ್ಲ ಅಲ್ಯೂಮಿನಿಯಂ ಕೂಡ ಹಾರಿದೆ. ಚಿಪ್ಪಲ್ಲಿ ಅಷ್ಟು ಅಲ್ಯೂಮಿನಿಯಂ ಇರಲ್ಲ. ಅದು ಜೇಡಿಮಣ್ಣಿಂದು. ಚಿಪ್ಪಿನ ಹೊಟ್ಟೆಯೊಳಗೆ ಇನ್ನೂ ಮಣ್ಣು ಕೂತಿದೆ."

"ನಾನು ತೊಳೆದಿದ್ದೀನಲ್ಲ?"

"ಹೊರಗಡೆ ಫಳಫಳ ಅಂತಿದೆ, ತಕರಾರಿಲ್ಲ. ಇದು ಬಹಳ ಆಳದ ಕೆಸರು, ನುಣುಪು ಜೇಡಿ. ಒಳಗಿನ ಕೋಣೆಗೆಲ್ಲ ಹೊಕ್ಕಿದೆ. ಬರೀ ತೊಳೆದ್ರೆ ಹೋಗಲ್ಲ. ಒಡೀಬೇಕು."

ಎರಡು ಗಾಜಿನ ಬಿಲ್ಲೆಗಳ ನಡುವೆ ಚಿಪ್ಪನ್ನಿಟ್ಟು, ಪುಡಿಯಾಗದಂತೆ, ಕೋಣೆಗಳು ತೆರೆದುಕೊಳ್ಳುವಷ್ಟು ಮಾತ್ರ ಒತ್ತಬೇಕು. ಅದಕ್ಕೆ ಅವಳ ಕೈಯೇ ಬೇಕೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕುಂಚಕ್ಕ ಬಿಲ್ಲೆ ಹಿಡಿದಳು. ಒತ್ತದೆ ಹಾಗೇ ಹಿಡಿದುಕೊಂಡಳು. ಅಷ್ಟು ವರ್ಷ ಒಂದು ಚಿಪ್ಪಿನ ಅಂಚು ಮುಕ್ಕಾದರೂ ಅವಳಿಗೆ ಅಂದು ಊಟ ಸೇರುತ್ತಿರಲಿಲ್ಲ.

ಅವನು ಅವಸರ ಮಾಡಲಿಲ್ಲ. "ನನ್ನನ್ನ ಕಟುಕ ಅಂದ್ಕೊಂಡಿದ್ದೀರಿ ಅಂತ ಗೊತ್ತು," ಅಂದ.

"ಹಾಗೇನಿಲ್ಲ," ಎಂದು ಸುಳ್ಳು ಹೇಳಿದಳು.

"ಆಸಿಡ್ ಹಾಕೋ ಮುಂಚೆ ಪ್ರತಿಯೊಂದನ್ನೂ ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡ್ತೀನಿ. ಅದು ಕೆಲಸದ ಭಾಗ ಅಲ್ಲ, ಯಾರೂ ಹೇಳಿಕೊಟ್ಟಿದ್ದೂ ಅಲ್ಲ. ಅಷ್ಟು ದೂರದಿಂದ ಬಂದಿರುತ್ತೆ. ನೀವು ಅಷ್ಟು ಕಷ್ಟಪಟ್ಟು ಹುಡುಕಿರ್ತೀರಿ. ಒಬ್ಬರಾದ್ರೂ ನೋಡಿ ಕಳಿಸಿಕೊಡಬೇಕು ಅನ್ಸುತ್ತೆ."

ಕುಂಚಕ್ಕ ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿಕೊಂಡಳು. ಅದು ಕಣ್ಣು ಮರೆಸಿಕೊಳ್ಳಲು ಒಳ್ಳೆಯ ಜಾಗ. ಹದಿನೈದು ವರ್ಷ ಡಬ್ಬಿ ಕೊಟ್ಟು ಸರಸರ ಹಿಂದಿರುಗಿದ್ದಳು. ಗಾಜಿನ ಆಚೆ ಅವನೇನು ಮಾಡುತ್ತಾನೆಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ಈಗ ಬಿಲ್ಲೆ ಒತ್ತಿದಳು. ಚಿಪ್ಪು ಸಣ್ಣಗೆ ಬಿರಿಯಿತು. ಒಳಗೆ, ನಿಜವಾಗಿಯೂ, ಬೂದು ಬಣ್ಣದ ಜೇಡಿ ಮೆತ್ತಿಕೊಂಡಿತ್ತು.

"ಇದೆ," ಅಂದಳು. "ನೀವು ಹೇಳಿದ ಹಾಗೇ ಇದೆ."

"ಅಬ್ಬಾ. ಮೊದಲನೇ ಸಲ ನನ್ನ ಮಾತು ಒಪ್ಪಿದ್ರಿ."

ಉಳಿದ ಚಿಪ್ಪುಗಳನ್ನೆಲ್ಲ ಇಬ್ಬರೂ ಸೇರಿ ಒಡೆದರು, ತೊಳೆದರು, ಮತ್ತೆ ತೊಳೆದರು. ಹಾಳಾದ ಪದರಗಳಿಗೆ ಅವಳು ಹೊಸದಾಗಿ ಆರಿಸಿಕೊಟ್ಟಳು. ಈ ನಡುವೆ ಅವನು ಕೂತು ಊಟ ಮಾಡುವುದನ್ನು ಕಲಿತ. ಎದುರಿಗೆ ಒಬ್ಬರು ಕೂತಿದ್ದಾಗ ನಿಂತು ತಿನ್ನುವುದು ಹೇಗೆ? ಅತ್ತಿಗೆ ಕಟ್ಟಿಕೊಡುವ ಬುತ್ತಿ ಇಬ್ಬರಿಗೆ ಸಾಲದೆ ಹೋದಾಗ ಕುಂಚಕ್ಕ ಬೆಳಿಗ್ಗೆ ತಾನೇ ಒಂದು ಹಿಡಿ ಹೆಚ್ಚು ತುಂಬಿಕೊಂಡಳು. ಅತ್ತಿಗೆ ಡಬ್ಬಿಯ ಭಾರ ನೋಡಿದಳು, ನಾದಿನಿಯ ಮುಖ ನೋಡಿದಳು, ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದೇ ಮನೆಯಲ್ಲಿ ದೊಡ್ಡ ಸುದ್ದಿ.

ಹೊಸ ಅಂಕಿ ಬಂದ ದಿನ ಮೇಡಂ ಅದನ್ನು ಗೋಡೆಯ ಮೇಲೆ ಅಂಟಿಸಿದರು. ಗೆರೆ ಈ ಬಾರಿ ಕುಪ್ಪಳಿಸಲಿಲ್ಲ, ಹೊಳೆಯ ಹಾಗೆ ಹರಿದಿತ್ತು. ಶೀತಯುಗದ ಪದರಗಳಲ್ಲಿ ಅದು ನಿಧಾನವಾಗಿ ಮೇಲೇರಿ, ಭೂಮಿ ಬೆಚ್ಚಗಾಗತೊಡಗಿದ ಕಡೆ ಇಳಿದಿತ್ತು. ಆ ಚಳಿಯ ಕಾಲದಲ್ಲಿ ಸಮುದ್ರ ತನ್ನ ಪೋಷಕಾಂಶವನ್ನು ಆ ಆಳದಲ್ಲಿ ಈಗಿನದಕ್ಕಿಂತ ಹೆಚ್ಚು ಕೂಡಿಟ್ಟಿತ್ತು. ಅದರ ಜೊತೆಗೆ ಇಂಗಾಲವನ್ನೂ ಗಾಳಿಗೆ ಬಿಡದೆ ಕೆಳಗೆ ಹಿಡಿದುಕೊಂಡಿರಬಹುದು ಎಂದು ಮೇಡಂ ವಿವರಿಸಿದರು. ಕುಂಚಕ್ಕ ಆ ಗೆರೆಯ ಏರನ್ನು ಬೆರಳಿನಿಂದ ಸವರಿದಳು. ಕರಗಿಹೋದವೆಂದು ಅವಳು ಮರುಗಿದ್ದ ಚಿಪ್ಪುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು.

ಅದಾದ ಮುಂದಿನ ಭಾನುವಾರ ಆಸಿಡ್ ಪಾಲಿಶ್ ಹಾಕಿದ ಬೂಟು ತೊಟ್ಟು ಅಣ್ಣನ ಮನೆಗೆ ಬಂದ. ಸ್ಟೇರಿಂಗ್ ತಿರುಗಿಸಿ ದಪ್ಪಗಾದ ತೋಳಿನ ಅಣ್ಣ ಅವನನ್ನು ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ನೋಡಿದ.

"ಏನು ಕೆಲಸ ನಿಮ್ಮದು?"

"ನಿಮ್ಮ ತಂಗಿ ಆರಿಸಿಕೊಟ್ಟಿದ್ದನ್ನ ಕರಗಿಸ್ತೀನಿ."

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಮುಂದೆ ಬಂದು ಲೋಟ ಇಟ್ಟಳು. "ಆರಿಸೋದ್ರಲ್ಲಿ ನಮ್ಮ ಹುಡುಗಿ ಎಡವಲ್ಲ," ಅಂದಳು. "ಇಷ್ಟು ತಡವಾಗಿ ಆರಿಸಿದ್ದಾಳೆ ಅಂದ್ರೆ ಸರಿಯಾಗಿ ನೋಡೇ ಆರಿಸಿರ್ತಾಳೆ. ಕೂತ್ಕೊಳ್ಳಿ." ಆಮೇಲೆ ಒಳಗೆ ಹೋಗಿ ನಾದಿನಿಯ ತೋಳು ಹಿಡಿದುಕೊಂಡು ಅತ್ತಳು, ಹಿಂದಿನ ಕೋಣೆ ಖಾಲಿಯಾಗುವುದು ಅವಳಿಗೆ ಆಗಲೇ ಕಂಡಿತ್ತು.

ನೋಂದಣಿ ಕಚೇರಿಯಲ್ಲಿ ಮೇಡಂ ಸಾಕ್ಷಿ ಹಾಕಿದರು. ಇಬ್ಬರೂ ಅವನ ಮೂರನೆಯ ಮಹಡಿಯ ಮನೆಯಲ್ಲಿ ಸಂಸಾರ ಹೂಡಿದರು. ಅವನ ಮೊದಲ ಹೆಂಡತಿಯ ಫೋಟೋ ಅಡುಗೆಮನೆಯ ಗೋಡೆಯಲ್ಲಿ ಧೂಳು ಹಿಡಿದಿತ್ತು. ಕುಂಚಕ್ಕ ಅದನ್ನು ಒರೆಸಿ, ಬೆಳಕು ಬೀಳುವ ನಡುಮನೆಗೆ ತಂದು ಹಾಕಿದಳು.

ಜಗಳ ನಿಂತಿದೆ ಎಂದಲ್ಲ. ಮೊನ್ನೆ ಬೇರೊಂದು ದೇಶದವರು ಶೀತಯುಗದ ನೀರಿನಲ್ಲಿ ಪೋಷಕಾಂಶ ಹೆಚ್ಚಲ್ಲ, ಕಡಿಮೆಯಿತ್ತು ಎಂದು ಬರೆದದ್ದನ್ನು ಅವನು ತಟ್ಟೆಯ ಮುಂದೆ ಕೂತು ಓದಿ ಹೇಳಿದ. ಮಗನಿಗೆ ಯಾರೋ ಕಡಿಮೆ ಅಂಕ ಕೊಟ್ಟ ಹಾಗೆ ಅವನ ಮುಖ ಊದಿಕೊಂಡಿತ್ತು.

"ಅವರದ್ದು ಎಷ್ಟು ಆಳದ ನೀರಿನ ಕೆಸರಂತೆ?" ಕೇಳಿದಳು ಕುಂಚಕ್ಕ.

"ನಮ್ಮದಕ್ಕಿಂತ ಬಹಳ ಮೇಲಿನದು."

"ಮತ್ತೆ? ಮೇಲೆ ಕಡಿಮೆ ಆದದ್ದೇ ಕೆಳಗೆ ಹೆಚ್ಚಾಗಿರಬಹುದಲ್ಲ. ಇಬ್ಬರದೂ ನಿಜ ಆಗಬಾರದು ಅಂತ ಏನಿದೆ? ಊಟ ಮಾಡಿ, ಆರಿಹೋಗ್ತಿದೆ."

ಅವನು ಓದುತ್ತಿದ್ದದ್ದನ್ನು ಪಕ್ಕಕ್ಕಿಟ್ಟ. ನಾಳೆ ಮೇಡಂಗೆ ಹೇಳಬೇಕು ಅಂದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.