ಗೋಪಿಚಂದನದ ಗುರುತು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಶಾಲೆಗೆ ಹೊರಟವನು ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ. ಅದಕ್ಕೇ ಹೊತ್ತು ಇಷ್ಟು ನೆನಪಿದೆ. ಒಳಗಿನಿಂದ ಅವ್ವ ಬಂದು, ತುಂಗಾಳ ಎದೆಯ ಗಂಟಿನ ಮೇಲೆ ಚರ್ಮ ಒಳಕ್ಕೆ ಸರಿದು ಸಣ್ಣ ಗುಂಡಿ ಬಿದ್ದಿದೆ ಎಂದಳು. ಅವಳ ಮುಖ ಅರಳಿತ್ತು.

"ಗೋಪಿಚಂದನ ಹಿಡಿದು ಎಳದದ ನೋಡು. ಇನ್ನ ಗಂಟು ಕರಗತದ."

ನಾನೂ ಹಿಗ್ಗಿದೆ.

ರೋಗ ಹುಟ್ಟಿದ್ದು ಎಷ್ಟೋ ತಿಂಗಳ ಹಿಂದೆ ಎಂದು ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ಆದರೂ ನನ್ನ ಮನಸ್ಸು ತಿರುತಿರುಗಿ ಆ ಗಡಿಯಾರದ ಮುಂದೆಯೇ ಹೋಗಿ ನಿಲ್ಲುತ್ತದೆ. ಕೈಯಲ್ಲಿ ಕೀಲಿ. ಮುಖದಲ್ಲಿ ನಗು.

ತುಂಗಾ ನನ್ನ ಹೆಂಡತಿ. ಮಗಳು ಸುಮಿಗೆ ಆಗ ಹದಿನಾಲ್ಕು ತಿಂಗಳು, ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಾಗ ಹಾಲು ಕಟ್ಟಿದೆ ಎಂದು ಮನೆಯವರೆಲ್ಲ ನಂಬಿದೆವು. ನೋವಿರಲಿಲ್ಲ. ನೋವಿಲ್ಲದ್ದೇ ನಮಗೆ ಧೈರ್ಯ.

ನಮ್ಮದು ಮಾನ್ವಿಯ ವೈಷ್ಣವ ಮನೆತನ. ಸ್ನಾನವಾದ ಮೇಲೆ ಗೋಪಿಚಂದನ ತೇಯ್ದು ಮೈಗೆ ಮುದ್ರೆ ಹಚ್ಚಿಕೊಳ್ಳುವುದು ಮುಂಜಿವೆಯಿಂದ ಬಂದ ರೂಢಿ. ಬಾವು ಬಂದರೆ, ಉಷ್ಣವಾದರೆ ಅದೇ ಹಳದಿ ಮಣ್ಣಿನ ಲೇಪ ಹಾಕುವುದೂ ರೂಢಿಯೇ. ಮೂರು ತಿಂಗಳು ನನ್ನ ಮುದ್ರೆಗೆ ತೇಯುವಾಗಲೇ ಇನ್ನಷ್ಟು ತೇಯ್ದು ಬಟ್ಟಲಲ್ಲಿ ಹಾಕಿ ಕೊಟ್ಟೆ. ಅವ್ವ ಒಯ್ದು ಹಚ್ಚುತ್ತಿದ್ದಳು. ಹೈದರಾಬಾದಿನಲ್ಲಿ ಓದಿ ಬಿ.ಎಸ್ಸಿ. ಆದವನು ನಾನು, ರಾಯಚೂರಿನ ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುವವನು. ಮಣ್ಣು ಒಣಗಿದರೆ ಚರ್ಮ ಬಿಗಿಯುತ್ತದೆ, ಸರಿ. ತೊಳೆದ ಮೇಲೂ ಗುಂಡಿ ಯಾಕೆ ಉಳಿಯಿತು? ಈ ಒಂದು ಪ್ರಶ್ನೆ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಹನುಮವ್ವನಿಗೆ. ಆಕೆ ದೇವದುರ್ಗದ ಕಡೆಯಿಂದ ಹತ್ತಿ ಜಿನ್ನಿನ ಕೂಲಿಗೆ ಬಂದು ಇಲ್ಲೇ ನಿಂತವಳು. ಜಿನ್ನಿಗೆ ಹೋಗುವ ಮೊದಲು ನಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಗಂಟು ಕರಗುತ್ತಿದೆ ಎಂದು ತುಂಗಾ ಸಂತೋಷದಿಂದಲೇ ಅವಳಿಗೆ ಹೇಳಿದ್ದಳಂತೆ. ಮರುದಿನ ಬೂದಿ ಕೈಯಲ್ಲೇ ಬಂದು ನನ್ನೆದುರು ನಿಂತಳು.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ನಮ್ಮಕ್ಕಗೂ ಹಿಂಗ ಗುಂಡಿ ಬಿದ್ದಿತ್ತು. ನೋವಿಲ್ಲಂತ ಸುಮ್ನ ಕುಂತ್ಲು. ಮಣ್ಣು ಹಚ್ಚಿದ್ದು ಸಾಕು, ಡಾಕ್ಟರಮ್ಮಗ ತೋರಸ್ರಿ."

ಅಕ್ಕ ಈಗ ಹೇಗಿದ್ದಾಳೆ ಎಂದು ಕೇಳಿದೆ. ಹನುಮವ್ವ ತಿರುಗಿ ಪಾತ್ರೆಗಳ ಕಡೆ ಹೋದಳು.

ಜನಾನಾ ದವಾಖಾನೆಯ ಲೇಡಿ ಡಾಕ್ಟರು ತುಂಗಾಳಿಗೆ ಎಡಗೈ ಮೇಲೆತ್ತಲು ಹೇಳಿದರಂತೆ. ಕೈ ಏರಿದಷ್ಟೂ ಗುಂಡಿ ಆಳವಾಯಿತಂತೆ. ಆಮೇಲೆ ನನ್ನನ್ನು ಒಳಗೆ ಕರೆಸಿದರು. ಚರ್ಮವನ್ನು ಎಳೆದದ್ದು ಮೇಲಿನ ಮಣ್ಣಲ್ಲ, ಒಳಗಿನ ಗಂಟು ಎಂದು ಉರ್ದುವಿನಲ್ಲಿ ನಿಧಾನವಾಗಿ ಹೇಳಿದರು. ಕೊನೆಗೆ ಒಂದು ಇಂಗ್ಲಿಷ್ ಶಬ್ದ.

ಕ್ಯಾನ್ಸರ್.

ತಡಮಾಡದೆ ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸಬೇಕು, ಇಡೀ ಎದೆ ತೆಗೆಯಬೇಕಾಗುತ್ತದೆ, ಮಗುವಿಗೆ ಹಾಲು ಇವತ್ತಿನಿಂದಲೇ ನಿಲ್ಲಿಸಿ ಎಂದರು. ಬದುಕುತ್ತಾಳೆಯೇ ಎಂದು ಕೇಳಿದೆ. ಬಗಲಲ್ಲಿ ಎಲ್ಲರಿಗೂ ಇರುವ ಸಣ್ಣ ಗಂಟುಗಳಿಗೆ ರೋಗ ಹರಡಿರದಿದ್ದರೆ ಬದುಕುವ ಆಸೆ ಬಹಳವಿದೆ ಎಂದರು. ಹರಡಿದ್ದರೆ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದಾಗ ಅವ್ವ, ಮಾನ್ವಿಗೆ ಹೋಗಿ ನಮ್ಮ ಪಂಡಿತರ ಔಷಧಿ ಒಂದು ತಿಂಗಳು ನೋಡೋಣ, ಕೊಯ್ಯುವುದೆಲ್ಲ ಆಮೇಲೆ ಎಂದಳು. ನಾನು ಬೇಡವೆನ್ನಬೇಕಿತ್ತು. ಎನ್ನಲಿಲ್ಲ. ಆಪರೇಷನ್ನಿನ ಹೆದರಿಕೆಗೆ ಅವ್ವನ ಮಾತು ಹಿತವಾಗಿತ್ತು. ಎರಡು ದಿನ ಹೀಗೇ ಕಳೆದೆ. ಮೂರನೆಯ ದಿನ ತುಂಗಾ ನನ್ನ ಟ್ರಂಕನ್ನು ತಾನೇ ಎಳೆದು ಅರಿವೆ ತುಂಬಲು ಕೂತಳು.

"ಸುಮಿಗೆ ನಾ ಬೇಕ್ರಿ. ಎದಿ ಹೋದ್ರ ಹೋಗ್ಲಿ."

ಅವ್ವ ಅವತ್ತೇ ಮೊಳಗಟ್ಟಲೆ ಮಲ್ಲಿಗೆ ತರಿಸಿದಳು. ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಮಗು ಹೊರಗೆ ಬಾಗಿಲು ಬಡಿದು ಅಳುತ್ತಿತ್ತು, ಒಳಗೆ ಅತ್ತೆ ಸೊಸೆಗೆ ಹೂ ಸುತ್ತುತ್ತಿದ್ದಳು. "ಮದುವ್ಯಾಗೂ ಇಷ್ಟು ಹೂವು ಇದ್ದಿದ್ದಿಲ್ಲ ಬಿಡ್ರಿ ಅತ್ಯಾರ" ಎಂದು ತುಂಗಾ ಅಂದದ್ದು ಕೇಳಿಸಿತು. ಆಮೇಲೆ ಇಬ್ಬರೂ ನಕ್ಕದ್ದೂ.

ಮಹಾಯುದ್ಧದ ಕಾಲ. ರೈಲಿನ ತುಂಬ ಸಿಪಾಯಿಗಳು. ಒಬ್ಬ ಎದ್ದು ತುಂಗಾಳಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟ. ಯಾಕೆ ಹೊರಟಿದ್ದೀರಿ ಎಂದು ಅವನು ಕೇಳದಿದ್ದದ್ದಕ್ಕೆ ನಾನು ಈಗಲೂ ಋಣಿ.

ಆಪರೇಷನ್ ಮೂರು ತಾಸಿಗೂ ಮಿಕ್ಕಿ ನಡೆಯಿತು. ವಾರ್ಡಿಗೆ ತಂದಾಗ ಕ್ಲೋರೋಫಾರ್ಮಿನ ವಾಸನೆ, ಎದೆಯ ಸುತ್ತ ಬಿಗಿದ ಬ್ಯಾಂಡೇಜು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ಸುಮಿ ಊಟ ಮಾಡಿದಳೇ ಎಂದು. ಸುಮಿ ಇದ್ದದ್ದು ರಾಯಚೂರಿನಲ್ಲಿ. ಮಾಡಿದಳು ಎಂದೆ. ರಿಪೋರ್ಟ್ ಬರುವವರೆಗೆ ನಾನು ವರಾಂಡದ ಕಂಬಕ್ಕೆ ಒರಗಿ ಕೂತೆ. ಡ್ರೆಸ್ಸಿಂಗ್ ಬದಲಿಸುವಾಗ ಅವಳು ನನ್ನನ್ನು ಹೊರಗೆ ಕಳಿಸುತ್ತಿದ್ದಳು. ಒಂಬತ್ತನೆಯ ದಿನ ಕಳಿಸಲಿಲ್ಲ. ನೋಡಿದೆ. ಕಂಕುಳಿನಿಂದ ಓರೆಯಾಗಿ ಇಳಿದ ಹೊಲಿಗೆ. ಅದರಾಚೆ ಅವಳ ಮುಖ, ಅದೇ ಮುಖ. ಆ ಸಂಜೆ ಸರ್ಜನ್ನರು ಮಂಚದ ಬಳಿ ಬಂದು, ಬಗಲಿನ ಗಂಟುಗಳಿಗೆ ಹರಡಿಲ್ಲ ಎಂದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಖಾತ್ರಿ ಯಾರೂ ಕೊಡಲಾರರು ಎಂಬುದನ್ನೂ ಸೇರಿಸಿದರು. ನಾನು ಮೊದಲಿನ ಮಾತನ್ನಷ್ಟೇ ಅವ್ವನಿಗೆ ಕಾಗದ ಬರೆದೆ.

ಊರಿಗೆ ಮರಳಿದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಮಡಿಯಲ್ಲಿದ್ದಾಗ ಮೊಮ್ಮಗಳು ಸೆರಗು ಮುಟ್ಟಿದರೂ ಮತ್ತೆ ಸ್ನಾನಕ್ಕೆ ಹೋಗುತ್ತಿದ್ದ ಅವ್ವ, ಮಡಿಸೀರೆಯಲ್ಲೇ ಸುಮಿಯನ್ನು ಕಂಕುಳಲ್ಲಿಟ್ಟುಕೊಂಡು ಸಾರು ಕುದಿಸುತ್ತಿದ್ದಳು. ನಾನು ನೋಡುವುದನ್ನು ಕಂಡು, ಕೂಸಿಗೆ ಎಂಥ ಮೈಲಿಗೆ ಎಂದಳು. ಸುಮಿ ತಾಯಿಯನ್ನು ನೋಡಿ ಅಜ್ಜಿಯ ಕುತ್ತಿಗೆಗೆ ಮುಖ ಒತ್ತಿತು.

"ನನ್ನ ಮಗಳನ್ನ ಕಸಕೊಂಡ್ರೇನ್ರಿ ಅತ್ಯಾರ" ಎಂದಳು ತುಂಗಾ, ನಗುತ್ತಲೇ.

"ಕಸಕೊಂಡಿಲ್ಲ, ಇಟ್ಕೊಂಡಿದ್ದೆ. ತಗೋ" ಎಂದು ಅವ್ವ ಮಗುವನ್ನು ಅವಳ ಬಲಗೈಗೆ ದಾಟಿಸಿದಳು.

ಎಡಗೈ ಭುಜಕ್ಕಿಂತ ಮೇಲೇರುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳು ನಡೆಸುತ್ತ ದಿನಾ ಸ್ವಲ್ಪ ಸ್ವಲ್ಪ ಏರಿಸಬೇಕೆಂದು ಡಾಕ್ಟರು ಹೇಳಿದ್ದರು. ಮೊದಲ ದಿನ ಬೆರಳು ಮುಟ್ಟಿದ ಜಾಗಕ್ಕೆ ಅವ್ವ ಒಂದು ಗೀಟೆಳೆದಳು. ಕೈಗೆ ಸಿಕ್ಕದ್ದು ಗೋಪಿಚಂದನದ ಗಟ್ಟಿ. ಗೀಟೆಳೆದವಳು ಅದನ್ನು ನೋಡುತ್ತ ನಿಂತಳು. ಆ ಮೂರು ತಿಂಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನೂ ಅಂದಿಲ್ಲ. ಅವತ್ತು ತುಂಗಾ, "ನಾಳೆ ಇದ್ರಕಿಂತ ಮ್ಯಾಲ ಎಳೀರಿ" ಎಂದಳು. ಹಳದಿ ಗೀಟುಗಳು ದಿನದಿನಕ್ಕೆ ಗೋಡೆ ಹತ್ತಿದವು. ಏರದ ದಿನ ಹನುಮವ್ವ ಹಿತ್ತಲಿಂದಲೇ ಕೆಣಕುತ್ತಿದ್ದಳು: "ಅಕ್ಕಾರ, ಗೋಡಿ ಏನ್ ಓಡಿ ಹೊಂಟಿತೇನ್ರಿ?"

ನಿದ್ದೆ ಮಾತ್ರ ಯಾರಿಗೂ ಇರಲಿಲ್ಲ. ಸುಮಿ ಹಾಲಿಗೆ ತಡಕಾಡಿ ಅಳುತ್ತಿತ್ತು. ತುಂಗಾ ಎಡಕ್ಕೆ ಹೊರಳಲಾರಳು. ನಾನು ಮನಸ್ಸಿನಲ್ಲಿ ಆ ಬೆಳಗಿನ ಗಡಿಯಾರದ ಮುಂದೆ ನಿಂತೇ ಇರುತ್ತಿದ್ದೆ, ಒಂಬತ್ತು ಇಪ್ಪತ್ತಕ್ಕೆ.

ಹೋದ ಬುಧವಾರ ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾಯಿತು. ಮುಖದ ಮೇಲೆ ಬಿಸಿಲು. ಹೊರಗೆ ಹನುಮವ್ವ: "ಹೊತ್ತು ಏರಿ ಕುಂತದ, ಎಲ್ಲಾರೂ ಎಲ್ಲಿ ಹೋದ್ರಿ?" ನಲವತ್ತು ವರ್ಷ ಸೂರ್ಯನಿಗಿಂತ ಮುಂಚೆ ಎದ್ದ ಅವ್ವ ಪಡಸಾಲೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ತುಂಗಾಳ ಎಡಗೈ ತಲೆಯ ಮೇಲಕ್ಕೆ ಚಾಚಿತ್ತು, ತಾನಾಗಿಯೇ. ಆ ಕೈ ಬಿಟ್ಟುಕೊಟ್ಟ ಜಾಗದಲ್ಲಿ, ಎದೆ ಇಲ್ಲದ ಆ ಬದಿಗೆ ತಲೆಯಿಟ್ಟು ಸುಮಿ ನಿದ್ದೆ ಹೋಗಿತ್ತು.

ಗಡಿಯಾರಕ್ಕೆ ಕೀಲಿ ಕೊಡುವುದನ್ನು ಹಿಂದಿನ ದಿನ ಮರೆತಿದ್ದೆ. ಅದು ನಿಂತಿತ್ತು. ಹೊತ್ತೆಷ್ಟೆಂದು ತಿಳಿಯದೆ, ಬಾಗಿಲು ತೆರೆಯಲು ಸದ್ದಾಗದ ಹಾಗೆ ಎದ್ದೆ.